ಸಾಕು ಮೀನು, ರವೆ ಇಡ್ಲಿ ಮತ್ತು ಕಲ್ಲಿನ ರಥ

ಹೋಟೆಲಿನಲ್ಲಿ ರವೆ ಇಡ್ಲಿ ಹೇಳಿದರೆ ಟೇಬಲ್ಲಿಗೆ ಬರುವ ತಟ್ಟೆಯನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಸಾದಾ ಇಡ್ಲಿಗಿಂತ ತುಸು ದಪ್ಪಗೆ, ತರಿತರಿಯಾಗಿ, ಮಾಸಲು ಹಳದಿಗೆ ತಿರುಗಿದ ಒಂದು ಇಡ್ಲಿ. ನೆತ್ತಿಯ ಮೇಲೆ ಅರ್ಧ ಗೋಡಂಬಿ. ಮೈಯೊಳಗೆ ಅಲ್ಲಲ್ಲಿ ಸಾಸಿವೆ, ಕಡಲೆಬೇಳೆ, ಕೊತ್ತಂಬರಿ ಸೊಪ್ಪು. ಪಕ್ಕದ ಬಟ್ಟಲಲ್ಲಿ ಬಿಸಿ ಆಲೂಗಡ್ಡೆ ಸಾಗು.

ಈ ತಿಂಡಿಯನ್ನು ಜನ್ಮದಲ್ಲಿ ಕಾಣದವರೊಬ್ಬರಿದ್ದಾರೆ ಎಂದುಕೊಳ್ಳೋಣ. ಅವರಿಗೆ ರವೆ ಗೊತ್ತು, ಇಡ್ಲಿ ಗೊತ್ತು. ಎರಡೂ ಸೇರಿದ ಹೆಸರು ಮಾತ್ರ ಹೊಸದು. ಎಷ್ಟನ್ನು ಊಹಿಸಿಯಾರು? ಅಕ್ಕಿ ಇರಲಾರದು, ರವೆ ಇರುತ್ತದೆ, ಹಬೆಯಲ್ಲಿ ಬೆಂದಿರುತ್ತದೆ, ದುಂಡಗಿರುತ್ತದೆ ಎನ್ನುವಲ್ಲಿಗೆ ಎಲ್ಲವೂ ಸರಿ. ‘ಹಿಂದಿನ ರಾತ್ರಿಯೇ ಹಿಟ್ಟು ಹುದುಗಬೇಕು’ ಎಂದರೋ, ತಪ್ಪು. ರವೆ ಇಡ್ಲಿಗೆ ಮೊಸರು, ಚಿಟಿಕೆ ಸೋಡಾ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟರೆ ಸಾಕು. ಇನ್ನು ಸಾಗು? ಅದನ್ನಂತೂ ಯಾರೂ ಊಹಿಸಲಾರರು. ರವೆಯ ಅರ್ಥದಲ್ಲೂ ಅದಿಲ್ಲ, ಇಡ್ಲಿಯ ಅರ್ಥದಲ್ಲೂ ಇಲ್ಲ. ಎರಡು ಪದ ಸೇರಿದಾಗ ಕೆಲವು ಗುಣ ಉಳಿದವು, ಕೆಲವು ಕಳಚಿಬಿದ್ದವು, ಒಂದು ಎಲ್ಲಿಂದಲೋ ಬಂದು ಕೂತಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಬೆಂಗಳೂರಿನ ಎಂಟಿಆರ್ ಅಡುಗೆಮನೆಯಲ್ಲಿ ರವೆ ಹಾಕಿ ನೋಡಿದ್ದರಿಂದ ಈ ತಿಂಡಿ ಹುಟ್ಟಿತು ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ತಿಂಡಿ ಹುಟ್ಟಿದ ಕತೆ ಅದು. ಹೆಸರನ್ನು ಕೇಳಿದ ತಲೆಯೊಳಗೆ ಏನಾಗುತ್ತದೆ ಎಂಬುದು ಬೇರೆಯದೇ ಕತೆ. ಮನಶ್ಶಾಸ್ತ್ರಜ್ಞರೂ ತರ್ಕಶಾಸ್ತ್ರಜ್ಞರೂ ಅದರ ಹಿಂದೆ ಬಿದ್ದು ನಲವತ್ತು ವರ್ಷಗಳ ಮೇಲಾಯಿತು. ಅವರ ತಟ್ಟೆಯಲ್ಲಿದ್ದುದು ಇಡ್ಲಿಯಲ್ಲ, ಒಂದು ಪುಟ್ಟ ಮೀನು.

ಮೀನಿಗೆ ಮೊದಲು ಒಂದು ಕುರಿಯ ವಿಚಾರವಿದೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಗಣಿತ ಕಲಿಸುತ್ತಿದ್ದ ಜಾರ್ಜ್ ಬೂಲ್ 1854ರಲ್ಲಿ ಚಿಂತನೆಯ ನಿಯಮಗಳ ಕುರಿತು ಪುಸ್ತಕ ಬರೆದರು. ಬಿಳಿಯ ವಸ್ತುಗಳನ್ನೆಲ್ಲ ಒಂದು ಅಕ್ಷರ, ಕುರಿಗಳನ್ನೆಲ್ಲ ಇನ್ನೊಂದು ಅಕ್ಷರ ಎಂದುಕೊಂಡರೆ, ಎರಡನ್ನೂ ಗುಣಿಸಿದಾಗ ‘ಬಿಳಿ ಕುರಿ’ ಸಿಗುತ್ತದೆ. ಕೊಂಬಿರುವುದನ್ನೂ ಸೇರಿಸಿದರೆ ‘ಕೊಂಬಿರುವ ಬಿಳಿ ಕುರಿ’. ಎರಡು ಗಣಗಳು ಒಂದರ ಮೇಲೊಂದು ಬಿದ್ದ ಜಾಗವೇ ಸೇರಿದ ಅರ್ಥ. ಯಾವುದನ್ನು ಮೊದಲು ಬರೆದರೂ ಒಂದೇ. ಅಕ್ಷರವನ್ನು ಅದೇ ಅಕ್ಷರದಿಂದ ಗುಣಿಸಿದರೆ ಅದೇ ಅಕ್ಷರ. ಬಿಳಿ ಎಂದು ಎರಡು ಸಲ ಹೇಳಿದರೆ ಕುರಿಗಳ ಲೆಕ್ಕ ಬದಲಾಗುವುದಿಲ್ಲ.

ಕನ್ನಡಿಗರು ಇಲ್ಲೇ ಒಂದು ತಕರಾರು ಎತ್ತಬಹುದು. ‘ಬಿಸಿ ಇಡ್ಲಿ’ ಬೇರೆ, ‘ಬಿಸಿ ಬಿಸಿ ಇಡ್ಲಿ’ ಬೇರೆ. ಎರಡನೆಯದರಲ್ಲಿ ಹೊಗೆಯಾಡುತ್ತದೆ. ನಮ್ಮ ದ್ವಿರುಕ್ತಿಯ ಮುಂದೆ ಬೂಲ್‌ ನಿಯಮ ನಿಲ್ಲುವುದಿಲ್ಲ. ಆದರೂ ಆ ಸರಳ ಬೀಜಗಣಿತವೇ ಮುಂದೆ ಕಂಪ್ಯೂಟರಿನ ಸರ್ಕ್ಯೂಟುಗಳ ಬೆನ್ನೆಲುಬಾಯಿತು ಎನ್ನುವುದನ್ನು ಮರೆಯುವಂತಿಲ್ಲ. ಯಂತ್ರಕ್ಕೆ ಅಷ್ಟು ಚೆನ್ನಾಗಿ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕಲ್ಲವೇ ಎಂಬ ಆಸೆ ನೂರು ವರ್ಷಕ್ಕೂ ಮೀರಿ ಬದುಕಿತ್ತು.

ಆ ಆಸೆಗೆ ಪೆಟ್ಟು ಕೊಟ್ಟವರು ಎಲೀನರ್ ರೋಶ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞೆ ಎಪ್ಪತ್ತರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಪಟ್ಟಿ ಕೊಟ್ಟು, ಯಾವುದು ಎಷ್ಟು ‘ಪಕ್ಕಾ’ ಹಕ್ಕಿ, ಎಷ್ಟು ಪಕ್ಕಾ ಹಣ್ಣು, ಎಷ್ಟು ಪಕ್ಕಾ ಪೀಠೋಪಕರಣ ಎಂದು ಒಂದರಿಂದ ಏಳರವರೆಗೆ ಅಂಕ ಹಾಕಿಸಿದರು. ಅಮೆರಿಕದ ಅಂಗಳಗಳಲ್ಲಿ ಓಡಾಡುವ ರಾಬಿನ್ ಮೇಲೆದ್ದು ಬಂತು. ಉಷ್ಟ್ರಪಕ್ಷಿ, ಪೆಂಗ್ವಿನ್ ಕೆಳಗುಳಿದವು. ಇಲ್ಲಿ ಕೇಳಿದ್ದರೆ ಗುಬ್ಬಿ, ಗಿಳಿ, ಕಾಗೆ ಮುಂದಿರುತ್ತಿದ್ದವೇನೋ. ಕೋಳಿಯನ್ನು ಹಕ್ಕಿ ಎನ್ನಲು ನಮಗೂ ನಾಲಗೆ ಕೊಂಚ ತಡವರಿಸುತ್ತದೆ. ಪರಿಕಲ್ಪನೆ ಎಂದರೆ ಗೋಡೆ ಕಟ್ಟಿದ ಕಾಂಪೌಂಡಲ್ಲ. ನಡುವೆ ದಟ್ಟವಾಗಿ, ಅಂಚಿಗೆ ಹೋದಂತೆ ತೆಳುವಾಗುವ ನೆರಳಿನಂಥದ್ದು.

ನೆರಳಿಗೂ ಗಣಿತವಿದೆ ಎಂದವರು ಅದೇ ಬರ್ಕ್ಲಿಯಲ್ಲಿದ್ದ ಎಂಜಿನಿಯರ್ ಲೋಟ್ಫಿ ಝಾದೆ. 1965ರ ಅವರ ‘ಫಜಿ’ ಗಣಗಳಲ್ಲಿ ಸದಸ್ಯತ್ವ ಹೌದು ಅಥವಾ ಅಲ್ಲ ಎಂದಿರದೆ ಸೊನ್ನೆಯಿಂದ ಒಂದರವರೆಗೆ ಎಲ್ಲಾದರೂ ಇರಬಹುದು. ಎರಡು ಗಣಗಳನ್ನು ಕೂಡಿಸುವಾಗ ಎರಡು ಅಂಕಗಳಲ್ಲಿ ಯಾವುದು ಚಿಕ್ಕದೋ ಅದನ್ನು ತೆಗೆದುಕೊಂಡರಾಯಿತು. ರೋಶ್ ಅವರ ಅಂಕಗಳನ್ನು ಝಾದೆಯವರ ಸೂತ್ರಕ್ಕೆ ಹಾಕಿದರೆ ಕೆಲಸ ಮುಗಿಯಿತಲ್ಲ!

ಮುಗಿಯಲಿಲ್ಲ. 1981ರಲ್ಲಿ ‘ಕಾಗ್ನಿಷನ್’ ಎಂಬ ನಿಯತಕಾಲಿಕದಲ್ಲಿ ಡೇನಿಯಲ್ ಓಶರ್ಸನ್ ಮತ್ತು ಎಡ್ವರ್ಡ್ ಸ್ಮಿತ್ ಗಪ್ಪಿ ಮೀನನ್ನು ಮುಂದಿಟ್ಟರು. ಮನೆಯಲ್ಲಿ ಸಾಕುವ ಪ್ರಾಣಿಗೆ ಉದಾಹರಣೆ ಕೊಡಿ ಎಂದರೆ ಯಾರೂ ಗಪ್ಪಿ ಎನ್ನುವುದಿಲ್ಲ; ನಾಯಿ, ಬೆಕ್ಕು ಎನ್ನುತ್ತಾರೆ. ಮೀನಿಗೆ ಉದಾಹರಣೆ ಕೇಳಿದರೂ ಗಪ್ಪಿ ನೆನಪಾಗದು. ಎರಡರಲ್ಲೂ ಅದಕ್ಕೆ ಸಾಧಾರಣ ಅಂಕ. ಮನೆಯಲ್ಲಿ ಸಾಕುವ ಮೀನು ಯಾವುದು ಎಂದು ಕೇಳಿದರೋ, ಗಪ್ಪಿಯೇ ಮೊದಲು. ಚಿಕ್ಕದನ್ನು ಆರಿಸುವ ಸೂತ್ರದಲ್ಲಿ ಕೂಡಿಸಿದ ಅಂಕ ಎರಡರಲ್ಲಿ ಯಾವುದನ್ನೂ ಮೀರುವಂತೆಯೇ ಇಲ್ಲ. ಇಲ್ಲಿ ಎರಡನ್ನೂ ಮೀರಿ ನಿಂತಿದೆ. ಅದೇ ಲೇಖನ ಸೂತ್ರದ ಇನ್ನೊಂದು ಎಡವಟ್ಟನ್ನೂ ತೋರಿಸಿತು. ‘ಸೇಬೂ ಹೌದು, ಸೇಬಲ್ಲದ್ದೂ ಹೌದು’ ಎಂಬ ಅಸಂಬದ್ಧಕ್ಕೆ ಯಾವ ವಸ್ತುವೂ ಸಲ್ಲಬಾರದು. ಆದರೆ ಸೇಬಾಗಿರುವುದರಲ್ಲಿ ಅರ್ಧ ಅಂಕ ಪಡೆದ ಹಣ್ಣು ಸೇಬಲ್ಲದಿರುವುದರಲ್ಲೂ ಅರ್ಧ ಪಡೆಯುತ್ತದೆ, ಆ ಅಸಂಬದ್ಧದಲ್ಲೂ ಅರ್ಧ ಗಿಟ್ಟಿಸುತ್ತದೆ.

ಗಪ್ಪಿ ಕರ್ನಾಟಕಕ್ಕೆ ಅಪರಿಚಿತವಲ್ಲ. ಸೊಳ್ಳೆಯ ಮರಿಹುಳು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಅದೂ ಒಂದು. ಇಂಗ್ಲಿಷಿನ ‘ಪೆಟ್ ಫಿಶ್’ ಎಂಬ ಪದಗುಚ್ಛವನ್ನು ‘ಸಾಕು ಮೀನು’ ಎಂದು ಕನ್ನಡಕ್ಕೆ ತಂದರೆ ಮಾತ್ರ ಬೇರೆಯೇ ಚಿತ್ರ ಏಳುತ್ತದೆ. ನಮ್ಮ ಸಾಕುಪ್ರಾಣಿಗಳಲ್ಲಿ ನಾಯಿ ಬೆಕ್ಕುಗಳ ಜತೆ ಹಸು, ಎಮ್ಮೆ, ಕುರಿ, ಕೋಳಿ ಎಲ್ಲ ಇವೆ. ಮೀನು ಸಾಕಣೆ ಎಂದರೆ ಕೆರೆ ಹರಾಜು ಹಿಡಿದು ಕಾಟ್ಲಾ, ರೋಹು ಮರಿ ಬಿಡುವ ಕಸುಬು. ಗಾಜಿನ ತೊಟ್ಟಿಯಲ್ಲಿ ಓಡಾಡುವುದು ನಮಗೆ ‘ಅಕ್ವೇರಿಯಂ ಮೀನು’ ಅಥವಾ ಬರೀ ‘ಬಣ್ಣದ ಮೀನು’. ಸೂತ್ರ ಯಾವುದೇ ಇರಲಿ, ಅದಕ್ಕೆ ಉಣಿಸುವ ಲೋಕಜ್ಞಾನ ಊರಿಂದೂರಿಗೆ ಬೇರೆಯಾಗುತ್ತದೆ.

ಲಂಡನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ಹ್ಯಾಂಪ್ಟನ್ ಈ ಬಗೆಯ ವಿಚಿತ್ರಗಳನ್ನು ಒಂದೊಂದಾಗಿ ಹೆಕ್ಕುತ್ತ ಹೋದರು. ಕಾರಿನ ಸೀಟು ಕುರ್ಚಿಯೇ? ಹೌದು ಎನ್ನುತ್ತಾರೆ ಜನ. ಕುರ್ಚಿ ಪೀಠೋಪಕರಣವೇ? ಅದರಲ್ಲೇನು ಅನುಮಾನ! ಹಾಗಾದರೆ ಕಾರಿನ ಸೀಟು ಪೀಠೋಪಕರಣವೇ? ಇಲ್ಲಪ್ಪ, ಅದು ಹೇಗಾದೀತು. ಚದುರಂಗವನ್ನು ಕ್ರೀಡೆ ಎನ್ನಲು ಹಿಂಜರಿದವರೇ ಅದನ್ನು ‘ಆಟವೂ ಆಗಿರುವ ಕ್ರೀಡೆ’ಗಳ ಪಟ್ಟಿಗೆ ಸಲೀಸಾಗಿ ಸೇರಿಸಿದರು. ಇಡೀ ಗಣದೊಳಗೆ ಬಿಡದವರನ್ನು ಅದರ ಒಂದು ಮೂಲೆಯೊಳಗೆ ಕೂರಿಸಿದಂತೆ. 2006ರಲ್ಲಿ ಮಾರ್ಟಿನ್ ಯಾನ್ಸನ್ ಅವರೊಂದಿಗೆ ಮಾಡಿದ ಪ್ರಯೋಗ ಇನ್ನೂ ಸೊಗಸು. ಸೋಫಾಗಳಿಗೆಲ್ಲ ಒರಗು ಇರುತ್ತದೆ ಎಂಬ ಮಾತನ್ನು ಜನ ಸುಲಭವಾಗಿ ಒಪ್ಪಿದರು. ಕೈಯಿಂದ ಮಾಡಿದ, ಕೂರಲು ಹಿತವಿಲ್ಲದ ಸೋಫಾಗಳಿಗೆಲ್ಲ ಒರಗು ಇರುತ್ತದೆ ಎಂದಾಗ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಎಲ್ಲ ಸೋಫಾಗಳಲ್ಲಿ ಅವೂ ಸೇರಿದವೇ ಅಲ್ಲವೇ?

ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನ್ಮನ್ 1983ರಲ್ಲಿ ಪ್ರಕಟಿಸಿದ ಲಿಂಡಾ ಕತೆಯನ್ನು ಹಲವರು ಕೇಳಿರಬಹುದು. ಓದುವಾಗ ತತ್ತ್ವಶಾಸ್ತ್ರ, ಅನ್ಯಾಯದ ವಿರುದ್ಧ ಹೋರಾಟ. ಈಗ ವಯಸ್ಸು 31. ಆಕೆ ಬ್ಯಾಂಕ್ ಕ್ಯಾಷಿಯರ್ ಆಗಿರುವ ಸಂಭವ ಹೆಚ್ಚೋ, ಸ್ತ್ರೀವಾದಿ ಚಳವಳಿಯಲ್ಲಿರುವ ಬ್ಯಾಂಕ್ ಕ್ಯಾಷಿಯರ್ ಆಗಿರುವ ಸಂಭವ ಹೆಚ್ಚೋ? ನೇರವಾಗಿ ಈ ಎರಡನ್ನೇ ಮುಂದಿಟ್ಟಾಗಲೂ 85 ಪ್ರತಿಶತ ವಿದ್ಯಾರ್ಥಿಗಳು ಎರಡನೆಯದನ್ನು ಆರಿಸಿದರು. ಸಂಭವನೀಯತೆಯ ಗಣಿತದಲ್ಲಿ ಅದು ಆಗುವಂತಿಲ್ಲ. ಜನಕ್ಕೆ ತರ್ಕವೇ ಬಾರದು ಎಂದು ಇದರಿಂದ ಷರಾ ಬರೆದವರು ಬಹಳ. ಅದು ಅವಸರದ ತೀರ್ಪು. ಗಪ್ಪಿಯನ್ನು ಆರಿಸಿದವರು ತಪ್ಪು ಮಾಡಿರಲಿಲ್ಲವಲ್ಲ. ಎರಡು ಪದ ಸೇರಿದಾಗ ಜನ ಗುಣಾಕಾರ ಮಾಡುತ್ತಿಲ್ಲ, ಬೇರೇನನ್ನೋ ಮಾಡುತ್ತಿದ್ದಾರೆ. ಆ ಬೇರೆಯದು ಏನು?

ಇದಕ್ಕೆ ಅರ್ಧ ಉತ್ತರ ಹೈಸ್ಕೂಲಿನ ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲೇ ಸಿಕ್ಕಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೇವೆ. ‘ಕೆಂದಾವರೆ’ಯನ್ನು ಬಿಡಿಸಿದರೆ ಕೆಂಪಾದ ತಾವರೆ. ಕರ್ಮಧಾರಯ. ಬೂಲ್ ಸಾಹೇಬರ ಬಿಳಿ ಕುರಿಯ ಸೋದರಸಂಬಂಧಿ, ತಂಟೆಯಿಲ್ಲದ್ದು. ಅದೇ ಕರ್ಮಧಾರಯದ ‘ಹೆಮ್ಮರ’ ಮತ್ತು ‘ಹೆಬ್ಬೆರಳು’ ನೋಡಿ. ಎರಡರಲ್ಲೂ ಇರುವುದು ಹಿರಿದು. ಲೋಕದಲ್ಲಿ ಹಿರಿದಾದ ವಸ್ತುಗಳ ಒಂದು ರಾಶಿ, ಬೆರಳುಗಳ ಒಂದು ರಾಶಿ ಮಾಡಿ ಕೂಡಿಸಿದರೆ ಹೆಬ್ಬೆರಳು ಸಿಕ್ಕೀತೇ? ಹೆಬ್ಬೆರಳು ಬೆರಳುಗಳ ನಡುವೆ ಮಾತ್ರ ಹಿರಿದು. ಇಂಥ ವಿಶೇಷಣಗಳು ಗಣಗಳಲ್ಲ, ಮುಂದಿನ ಪದದ ಅರ್ಥದ ಮೇಲೆ ಕೆಲಸ ಮಾಡುವ ಕ್ರಿಯೆಗಳು ಎಂಬ ನೋಟವನ್ನು ತತ್ತ್ವಶಾಸ್ತ್ರಜ್ಞ ಹಾನ್ಸ್ ಕಾಂಪ್ 1975ರ ಪ್ರಬಂಧದಲ್ಲಿ ವಿವರವಾಗಿ ತೂಗಿ ನೋಡಿದರು. ಇನ್ನು ‘ಗಿಡಮರ’ ದ್ವಂದ್ವ: ಗಿಡವೂ ಮರವೂ ಎರಡೂ ಆಗಿರುವುದಲ್ಲ, ಎರಡೂ ರಾಶಿ ಒಟ್ಟಿಗೆ. ‘ಮುಕ್ಕಣ್ಣ’ನಲ್ಲಿ ಮೂರೂ ಕಣ್ಣೂ ಸೇರಿ ಮೂರನೆಯವನನ್ನು, ಶಿವನನ್ನು, ತೋರಿಸುತ್ತವೆ. ‘ನಾಯಿಕೊಡೆ’ಯ ಮಾತೇ ಬೇಡ; ಅಲ್ಲಿ ನಾಯಿಯೂ ಇಲ್ಲ, ಕೊಡೆಯೂ ಇಲ್ಲ, ಇರುವುದು ಅಣಬೆ.

ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಪದ ಸೇರಿಸುವುದು ಒಂದೇ ಬಗೆಯ ಕೆಲಸವಲ್ಲ, ಯಾವ ಪದದ ಅರ್ಥ ಮುಖ್ಯ ಎಂಬುದನ್ನು ಮೊದಲು ಕೇಳಬೇಕು ಎನ್ನುವುದು ಈ ವೈಯಾಕರಣ ಪರಂಪರೆಯ ಬುನಾದಿ. ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಂದರೆ ಕೊನೆಗೆ ಬಂದ ಪದವೇ ಯಜಮಾನ, ಮೊದಲು ಕೂತದ್ದು ಅದಕ್ಕೆ ಬಣ್ಣ ಬಳಿಯುತ್ತದೆ. ಬೂಲ್ ಬೀಜಗಣಿತದಲ್ಲಿ ಎರಡೂ ಸಮಾನ. ಅಲ್ಲೇ ಅದು ಎಡವಿದ್ದು.

ಸಮಾಸ ಬಿಡಿಸಿ ಬರೆಯುವ ವಿಗ್ರಹವಾಕ್ಯ ಇನ್ನೂ ಒಂದು ಗುಟ್ಟು ಹೊರಹಾಕುತ್ತದೆ. ಬಿಡದಿಯ ತಟ್ಟೆ ಇಡ್ಲಿ ತಟ್ಟೆಯಲ್ಲಿ ಬೇಯಿಸಿದ್ದು. ರವೆ ಇಡ್ಲಿ ರವೆಯಿಂದ ಮಾಡಿದ್ದು. ಮಲ್ಲಿಗೆ ಇಡ್ಲಿ ಮಲ್ಲಿಗೆಯಂತೆ ಹಗುರ, ಬಿಳುಪು. ಹೂವು ಹಾಕಿದ್ದೇ ಎಂದು ಕೇಳಿದರೆ ಮಾಣಿ ನಕ್ಕಾನು. ಬಟನ್ ಇಡ್ಲಿ ಗುಂಡಿಯಷ್ಟು ಚಿಕ್ಕದು, ಕಾಂಚೀಪುರಂ ಇಡ್ಲಿ ಆ ಊರಿನದು. ಪೂರ್ವಪದದ ಜಾಗ ಒಂದೇ, ಅಲ್ಲಿ ಅಡಗಿರುವ ಸಂಬಂಧ ಐದು ಬಗೆ. ಯಾವ ಸಂಬಂಧ ಎಂದು ಹೆಸರು ಹೇಳುವುದಿಲ್ಲ; ಕೇಳಿದವರು ಲೋಕಜ್ಞಾನದಿಂದ ತುಂಬಿಕೊಳ್ಳುತ್ತಾರೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಹಾಗಾದರೆ ತರ್ಕಶಾಸ್ತ್ರ ಸೋತಿತೇ? ಸೋತದ್ದು ಅದರ ಒಂದು ಹಳೆಯ ಹಟ. ಹಳೆಯ ತರ್ಕದಲ್ಲಿ ಒಮ್ಮೆ ಸಾಧಿಸಿದ್ದನ್ನು ಹೊಸ ಮಾಹಿತಿ ಅಳಿಸುವಂತಿಲ್ಲ. ಹಕ್ಕಿ ಹಾರುತ್ತದೆ ಎಂದ ಮೇಲೆ ಪೆಂಗ್ವಿನ್ನೂ ಹಾರಬೇಕು. ಜೀವನದಲ್ಲಿ ಹಾಗೆ ಯಾರೂ ಯೋಚಿಸುವುದಿಲ್ಲ. 1980ರಲ್ಲಿ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು ಈ ಹಟ ಬಿಟ್ಟ ತರ್ಕಗಳನ್ನು ಮಂಡಿಸಿದರು. ‘ಬೇರೆ ಸುದ್ದಿ ಬರುವ ತನಕ ಹೀಗೆಂದುಕೋ’ ಎನ್ನುವ ತರ್ಕಗಳು ಇವು. ಹತ್ತು ವರ್ಷದ ನಂತರ ಸಾರಿಟ್ ಕ್ರಾಸ್, ಡೇನಿಯಲ್ ಲೇಮನ್, ಮೆನಾಖೆಂ ಮಗಿಡೋರ್ ಅವಕ್ಕೆ ಗಟ್ಟಿ ಚೌಕಟ್ಟು ಹಾಕಿಕೊಟ್ಟರು.

ಸಂಸ್ಕೃತ ವ್ಯಾಕರಣ ಓದಿದವರಿಗೆ ಇದು ಪರಿಚಿತ ಮುಖದಂತೆ ಕಾಣುತ್ತದೆ. ಬ್ರಾಹ್ಮಣರಿಗೆಲ್ಲ ಮೊಸರು ಬಡಿಸಿ, ಕೌಂಡಿನ್ಯನಿಗೆ ಮಜ್ಜಿಗೆ ಎಂದು ಯಜಮಾನ ಹೇಳಿದನಂತೆ. ಕೌಂಡಿನ್ಯನೂ ಬ್ರಾಹ್ಮಣನೇ. ಅವನಿಗೆ ಮೊಸರೂ ಮಜ್ಜಿಗೆಯೂ ಎರಡೂ ಬಡಿಸಬೇಕೇ? ಬಡಿಸುವವನಿಗೆ ಆ ಗೊಂದಲವೇ ಬರುವುದಿಲ್ಲ. ವಿಶೇಷ ಮಾತು ಸಾಮಾನ್ಯ ಮಾತನ್ನು ತಳ್ಳಿಹಾಕುತ್ತದೆ. ಪತಂಜಲಿಯ ಮಹಾಭಾಷ್ಯದ ಈ ದೃಷ್ಟಾಂತಕ್ಕೆ ತಕ್ರಕೌಂಡಿನ್ಯ ನ್ಯಾಯವೆಂದೇ ಹೆಸರು. ಪಾಣಿನಿಯ ಸೂತ್ರಗಳು ಉತ್ಸರ್ಗ (ಸಾಮಾನ್ಯ ನಿಯಮ) ಮತ್ತು ಅಪವಾದಗಳಾಗಿ ಹೊಂದಿಕೊಂಡು ಕೆಲಸ ಮಾಡುವುದೂ ಇದೇ ಬುದ್ಧಿಯಿಂದ. ಆಧುನಿಕ ತರ್ಕಜ್ಞರು ಅಲ್ಲಿಂದ ಎತ್ತಿಕೊಂಡರು ಎಂದು ಬೀಗಬೇಕಿಲ್ಲ. ಅವರ ದಾರಿ ಬೇರೆ. ಪಂಕ್ತಿಯಲ್ಲಿ ಬಡಿಸುವವನ ತಿಳಿವಳಿಕೆಗೆ ಎರಡು ಕಡೆ ಎರಡು ಕಾಲದಲ್ಲಿ ವ್ಯಾಕರಣ ಬರೆದರು, ಅಷ್ಟೆ.

ಈ ಎಲ್ಲ ಎಳೆಗಳನ್ನು ಹೊಸೆದು ಗಪ್ಪಿಯ ಲೆಕ್ಕ ಬಿಡಿಸಲು ಹೊರಟವರು ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯದ ಅಂತೋನಿಯೊ ಲಿಯೆತೊ ಮತ್ತು ಜಾನ್ ಲೂಕಾ ಪೊಝಾಟೊ. ಅವರ ತರ್ಕವನ್ನು ಟಿಸಿಎಲ್ ಎನ್ನುತ್ತಾರೆ. 2020ರಲ್ಲಿ ಪತ್ರಿಕೆಯೊಂದರಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. ಅದರಲ್ಲಿ ಎರಡು ಬಗೆಯ ಹೇಳಿಕೆಗಳಿವೆ. ಒಂದು ಬಗ್ಗದ್ದು: ಮೀನು ನೀರಿನಲ್ಲೇ ಇರುತ್ತದೆ. ಇನ್ನೊಂದು ಬಗ್ಗುವಂಥದ್ದು: ‘ಸಾಮಾನ್ಯವಾಗಿ’ ಮೀನು ಹೀಗಿರುತ್ತದೆ. ಈ ‘ಸಾಮಾನ್ಯವಾಗಿ’ಗೆ ಒಂದು ತಾರ್ಕಿಕ ಚಿಹ್ನೆಯಿದೆ, ಪಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಒಂದು ಅಂಕವಿದೆ. ಅದರ ಜತೆಗೆ ಹ್ಯಾಂಪ್ಟನ್ ಪ್ರಯೋಗಗಳಿಂದ ಬಂದ ತಿಳಿವಳಿಕೆ: ಜಗಳ ಬಂದರೆ ಮುಖ್ಯಪದದ ಮಾತು ನಡೆಯಬೇಕು. ನಮ್ಮ ಉತ್ತರಪದವೇ.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಪುಟ್ಟ ಮಾದರಿಯಲ್ಲಿ ನೋಡಬಹುದು. ಅಂಕಗಳು ಉದಾಹರಣೆಗೆಂದು ಇಟ್ಟುಕೊಂಡವು. ಮೀನು ಸಾಮಾನ್ಯವಾಗಿ ಬೂದು ಬಣ್ಣದ್ದು, 0.6, ಮನುಷ್ಯರನ್ನು ಹಚ್ಚಿಕೊಳ್ಳುವುದಿಲ್ಲ, 0.8. ಮನೆಯ ಮುದ್ದಿನ ಪ್ರಾಣಿ ಸಾಮಾನ್ಯವಾಗಿ ನೆಲದ ಮೇಲಿರುತ್ತದೆ, 0.9, ಹಚ್ಚಿಕೊಳ್ಳುತ್ತದೆ, 0.8, ಮನೆಯೊಳಗಿರುತ್ತದೆ, 0.7. ಒಟ್ಟು ಐದು ಬಗ್ಗುವ ಗುಣಗಳು. ಪ್ರತಿಯೊಂದನ್ನೂ ಇಟ್ಟುಕೊಳ್ಳಬಹುದು, ಇಲ್ಲವೇ ಬಿಡಬಹುದು. ಹಾಗಾಗಿ 32 ಸಾಧ್ಯತೆಗಳು. ನೆಲದ ಮೇಲಿರುತ್ತದೆ ಎಂಬುದು ನೀರಿನ ಬಗ್ಗದ ನಿಯಮಕ್ಕೆ ಡಿಕ್ಕಿ ಹೊಡೆಯುವುದರಿಂದ ಅದನ್ನು ಇಟ್ಟುಕೊಂಡ 16 ಹೋದವು. ಹಚ್ಚಿಕೊಳ್ಳುತ್ತದೆ, ಹಚ್ಚಿಕೊಳ್ಳುವುದಿಲ್ಲ ಎರಡನ್ನೂ ಒಟ್ಟಿಗೆ ಹಿಡಿದ 4 ಹೋದವು. ಮುದ್ದಿನ ಪ್ರಾಣಿಯ ಮಾತು ಗೆಲ್ಲಿಸಿ ಮೀನಿನ ಮಾತು ಸೋಲಿಸಿದ 4 ಹೋದವು. ಇಲ್ಲಿ ಎರಡೂ ಕಡೆ 0.8 ಇದ್ದುದನ್ನು ಗಮನಿಸಿ. ಅಂಕಗಳು ಸಮನಾದಲ್ಲಿ ವ್ಯಾಕರಣ ತೀರ್ಪು ಕೊಟ್ಟಿತು. ಉಳಿದ 8ರಲ್ಲಿ ಎರಡು, ಮೀನಿನ ಬಗ್ಗುವ ಗುಣಗಳನ್ನೆಲ್ಲ ಇದ್ದ ಹಾಗೇ ಉಳಿಸಿಕೊಂಡಂಥವು. ಹೊಸ ಹೆಸರಿಟ್ಟೂ ಹಳೆಯ ಮೀನೇ ಆದರೆ ಏನು ಬಂತು ಎಂದು ಈ ತರ್ಕ ಅವನ್ನೂ ಕೈಬಿಡುತ್ತದೆ. ಮಿಕ್ಕ ಆರರಲ್ಲಿ ಹೆಚ್ಚು ಸಂಭವವಿರುವುದು ಒಂದೇ, 0.00448. ಅದು ಹೇಳುವುದು: ನೀರಿನಲ್ಲಿರುತ್ತದೆ, ಮನೆಯೊಳಗಿರುತ್ತದೆ, ಯಾರನ್ನೂ ಹಚ್ಚಿಕೊಳ್ಳುವುದಿಲ್ಲ, ಬೂದು ಬಣ್ಣದ್ದೇ ಆಗಬೇಕಿಲ್ಲ.

ಗಾಜಿನ ತೊಟ್ಟಿಯ ಬಣ್ಣದ ಮೀನು ಬಂದೇಬಿಟ್ಟಿತು!

ಚಪ್ಪಾಳೆ ಹೊಡೆಯುವ ಮೊದಲು ಒಂದು ಅಂಕ ತಿದ್ದಿ ನೋಡೋಣ. ಮೀನು ಬೂದು ಬಣ್ಣದ್ದು ಎಂಬುದಕ್ಕೆ 0.6ರ ಬದಲು 0.95 ಕೊಟ್ಟರೆ ಫಲಿತಾಂಶ ಮಗುಚಿಬೀಳುತ್ತದೆ. ಮೀನು ಬೂದಾಗಿಯೇ ಉಳಿಯುತ್ತದೆ; ಹಚ್ಚಿಕೊಳ್ಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗದೆ ಬಿದ್ದುಹೋಗುತ್ತದೆ. ಯಾವುದನ್ನು ಬಗ್ಗದ ನಿಯಮ ಮಾಡಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದು ತರ್ಕ ಶುರುವಾಗುವ ಮೊದಲೇ ಯಾರದೋ ಕೈಯಲ್ಲಿ ತೀರ್ಮಾನವಾಗಿರುತ್ತದೆ. ಇಡ್ಲಿಗೆ ಅಕ್ಕಿ ಬಗ್ಗದ ನಿಯಮವೇ? ಇಂದು ಅನೇಕರು ಹೌದು ಎಂದಾರು. ಹತ್ತನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಬರುತ್ತದೆ; ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ಹಿಟ್ಟಿನ ‘ಇಡ್ಡರಿಕಾ’ ಇದೆ. ಈ ಹಳೆಯ ಉಲ್ಲೇಖಗಳಲ್ಲಿ ಅಕ್ಕಿಯ ಸುಳಿವೇ ಇಲ್ಲ ಎಂದು ಆಹಾರದ ಇತಿಹಾಸ ಬರೆದ, ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚ್ಚಯ ಬೊಟ್ಟು ಮಾಡಿದ್ದರು. ಸೋಮೇಶ್ವರನ ಪಾಕಶಾಲೆಯವರು ಟಿಸಿಎಲ್‌ಗೆ ಮಾಹಿತಿ ತುಂಬಿದ್ದರೆ ‘ಅಕ್ಕಿ ಇಡ್ಲಿ’ಯೇ ಅಚ್ಚರಿಯ ಜೋಡಿಪದವಾಗುತ್ತಿತ್ತು.

ಮುಖ್ಯಪದವೇ ಗೆಲ್ಲಬೇಕೆಂಬ ನಿಯಮ ಕೈಕೊಡುವ ಜಾಗವನ್ನು ನೋಡಲು ಹಂಪಿಗೆ ಹೋಗಬೇಕು. ಹೋಗಲಾಗದವರು ಜೇಬಿನಿಂದ ಹೊಸ 50 ರೂಪಾಯಿ ನೋಟು ತೆಗೆದು ತಿರುಗಿಸಿದರೂ ಸಾಕು. 2017ರಿಂದ ಅದರ ಬೆನ್ನ ಮೇಲೆ ವಿಠ್ಠಲ ದೇಗುಲದ ಕಲ್ಲಿನ ರಥವಿದೆ. ಊರ ಜಾತ್ರೆಯ ರಥ ಮರದ್ದು, ಮಿಣಿ ಹಗ್ಗ ಹಿಡಿದು ಎಳೆದರೆ ಉರುಳುತ್ತದೆ, ಉತ್ಸವಮೂರ್ತಿಯನ್ನು ಹೊತ್ತು ಬೀದಿ ಸುತ್ತುತ್ತದೆ. ಕಲ್ಲಿನ ಕಟ್ಟಡ ಸಾಮಾನ್ಯವಾಗಿ ಕದಲುವುದಿಲ್ಲ. ಜಗಳ ಬಂದರೆ ಉತ್ತರಪದ ಗೆಲ್ಲಬೇಕು, ಉತ್ತರಪದ ರಥ. ಆದ್ದರಿಂದ ಕಲ್ಲಿನ ರಥ ಉರುಳುತ್ತದೆ! ಲೆಕ್ಕ ಸರಿ, ಉತ್ತರ ತಪ್ಪು. ಹಂಪಿಯ ರಥ ಅಸಲಿಗೆ ಗರುಡನ ಗುಡಿ. ಚಕ್ರಗಳು ಹಿಂದೊಮ್ಮೆ ತಿರುಗುತ್ತಿದ್ದವೆಂದು ಗೈಡುಗಳು ಹೇಳುವುದುಂಟು. ತಿರುಗಿದ್ದರೂ ಗುಡಿ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ‘ಕಲ್ಲು ಕದಲದು’ ಎಂಬುದನ್ನು ಬಗ್ಗದ ನಿಯಮಗಳ ಸಾಲಿಗೆ ಏರಿಸಿದರೆ ಲೆಕ್ಕ ಹಳಿಗೆ ಬರುತ್ತದೆ, ನಿಜ. ಆದರೆ ಏರಿಸಬೇಕೆಂದು ಹೊಳೆದದ್ದು ಉತ್ತರ ಗೊತ್ತಿದ್ದುದರಿಂದ. ‘ಕಲ್ಲಿನ ಸಿಂಹ’ ಸಿಂಹವೇ, ‘ಖೋಟಾ ನೋಟು’ ನೋಟೇ ಎಂಬ ಪ್ರಶ್ನೆಗಳನ್ನು ಕಾಂಪ್, ಬಾರ್ಬರಾ ಪಾರ್ಟಿಯಂಥ ಅರ್ಥವಿಜ್ಞಾನಿಗಳು ದಶಕಗಳಿಂದ ಮಥಿಸುತ್ತಿದ್ದಾರೆ.

ಇಂಥ ಕುಂದುಗಳಿದ್ದೂ ಈ ತರ್ಕ ಕಪಾಟು ಸೇರಿಲ್ಲ. ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ರಾಯ್‌ನ ಆನ್‌ಲೈನ್ ವೇದಿಕೆಯ ಕಾರ್ಯಕ್ರಮಗಳನ್ನು ಹೊಸದಾಗಿ ವರ್ಗೀಕರಿಸಲು ಲಿಯೆತೊ, ಪೊಝಾಟೊ ಮತ್ತು ಸಂಗಡಿಗರು ಇದನ್ನು ಹಚ್ಚಿದರು. ಇರುವ ಎರಡು ಪ್ರಕಾರಗಳನ್ನು ಬೆಸೆದು ಮೂರನೆಯದನ್ನು ಹುಟ್ಟಿಸಿ, ಯಾವ ಕಾರ್ಯಕ್ರಮ ಅದಕ್ಕೆ ಒಪ್ಪುತ್ತದೆಂದು ಹುಡುಕುವುದು ಕೆಲಸ. ಇನ್ನೊಂದು ಪ್ರಯೋಗ ಭಾವನೆಗಳ ಮೇಲೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ಲುಚಿಕ್ ಎಂಟು ಮೂಲ ಭಾವಗಳ ಚಕ್ರ ಬರೆದು, ಅಕ್ಕಪಕ್ಕದವು ಸೇರಿದರೆ ಬೇರೆ ಭಾವ ಬರುತ್ತದೆ ಎಂದಿದ್ದರು. ಸಂತೋಷಕ್ಕೆ ನಂಬಿಕೆ ಸೇರಿದರೆ ಪ್ರೀತಿ. ಅದನ್ನೇ ಈ ತರ್ಕಕ್ಕೆ ಕೊಟ್ಟು ಕಲಾಕೃತಿಗಳಿಗೆ ಭಾವದ ಚೀಟಿ ಅಂಟಿಸುತ್ತಾರೆ.

ಸಾಗುವಿನ ಪ್ರಶ್ನೆ ಮಾತ್ರ ಹಾಗೇ ಇದೆ. ಟಿಸಿಎಲ್ ಇದ್ದ ಗುಣಗಳಲ್ಲಿ ಆಯ್ದು ಉಳಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಮನುಷ್ಯರು ಹುಟ್ಟಿಸುತ್ತಾರೆ. ಮನೆಯಲ್ಲಿ ಸಾಕುವ ಹಕ್ಕಿ ಎಂದೊಡನೆ ಪಂಜರ, ಮಾತಾಡುವುದು ಎರಡೂ ನೆನಪಾಗುತ್ತವೆ ಎಂದು ಹ್ಯಾಂಪ್ಟನ್ ತೋರಿಸಿದ್ದರು. ಬರೀ ಹಕ್ಕಿಯೂ ಮಾತಾಡದು, ಬರೀ ಸಾಕುಪ್ರಾಣಿಯೂ ಮಾತಾಡದು. ಅಲ್ಲಿ ನೆರವಾದದ್ದು ಕಂಡ ಗಿಳಿಯ ನೆನಪು. ನೆನಪೂ ಇಲ್ಲದಾಗ? ಝೀವಾ ಕುಂಡಾ ಮತ್ತು ಸಂಗಡಿಗರು 1990ರ ಪ್ರಯೋಗವೊಂದರಲ್ಲಿ, ಹಾರ್ವರ್ಡ್‌ನಲ್ಲಿ ಓದಿದ ಬಡಗಿಯನ್ನು ಕಲ್ಪಿಸಿಕೊಳ್ಳಲು ಹೇಳಿದರು. ಅಂಥವರನ್ನು ಯಾರೂ ನೋಡಿರಲಿಕ್ಕಿಲ್ಲ. ಆದರೂ ಜನ, ಆತ ಹಣದ ಹಿಂದೆ ಬಿದ್ದವನಲ್ಲ ಎಂದರು. ಅಷ್ಟು ಓದಿ ಉಳಿ ಹಿಡಿದಿದ್ದಾನೆಂದರೆ ಕಾರಣವಿರಬೇಕಲ್ಲ ಎಂದು ಕತೆ ಕಟ್ಟಿಕೊಂಡರು; ಗುಣ ಆ ಕತೆಯಿಂದ ಬಂತು. ಬೆಲ್ಜಿಯಂನ ಡೀಡೆರಿಕ್ ಆರ್ಟ್ಸ್ ಈ ತೊಡಕಿಗೆ ಕ್ವಾಂಟಂ ಭೌತವಿಜ್ಞಾನದ ಗಣಿತ ತಂದು, ಎರಡು ಅರ್ಥಗಳು ಎರಡು ಅಲೆಗಳಂತೆ ಒಂದರೊಳಗೊಂದು ಹಾಯುತ್ತವೆ ಎಂದರು. ಹ್ಯಾಂಪ್ಟನ್ ಅವರ ಅಂಕಿಗಳಿಗೆ ಆ ಸಮೀಕರಣಗಳು ಚೆನ್ನಾಗಿ ಹೊಂದುತ್ತವೆ. ಗಪ್ಪಿಗೆ ಬಣ್ಣ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಉತ್ತರ ಮಸುಕು.

ಈಗಿನ ಚಾಟ್‌ಬಾಟ್‌ಗಳನ್ನು ಕೇಳಿದರೆ ರವೆ ಇಡ್ಲಿಗೆ ಸಾಗು ಎಂದು ಥಟ್ಟನೆ ಹೇಳಿಯಾವು. ಅವು ಓದಿದ ರಾಶಿ ಬರಹದಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ. ಟಿಸಿಎಲ್‌ಗೆ ಸಾಗು ಗೊತ್ತಿಲ್ಲ, ಆದರೆ 32 ಹೇಗೆ 16 ಆಯಿತು, ಯಾವ ಗುಣ ಯಾವ ನಿಯಮಕ್ಕೆ ಬಲಿಯಾಯಿತು ಎಂದು ಸಾಲು ಸಾಲಾಗಿ ಲೆಕ್ಕ ಒಪ್ಪಿಸುತ್ತದೆ. ತಪ್ಪು ಮಾಡಿದರೂ ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು, ಕಲ್ಲಿನ ರಥದಲ್ಲಿ ತೋರಿಸಿದ ಹಾಗೆ.

ಎರಡು ಪದಕ್ಕೇ ಇಷ್ಟು. ಕಿರಾಣಿ ಅಂಗಡಿಯಲ್ಲಿ ‘ರವೆ ಇಡ್ಲಿ ಮಿಕ್ಸ್’ ಎಂಬ ಮೂರು ಪದದ ಪೊಟ್ಟಣ ತೂಗುತ್ತಿರುತ್ತದೆ. ಮೊದಲೆರಡು ಪದ ಒಂದಾಗಿ ಪೂರ್ವಪದವಾದವು. ಯಜಮಾನಿಕೆ ಇಡ್ಲಿಯ ಕೈತಪ್ಪಿ ಮಿಕ್ಸ್‌ಗೆ ಹೋಯಿತು. ಒಡೆದು ನೋಡಿದರೆ ದುಂಡಗಿಲ್ಲ, ಹಬೆಯಲ್ಲಿ ಬೆಂದಿಲ್ಲ, ಮೆತ್ತಗೂ ಇಲ್ಲ. ಒಗ್ಗರಣೆ ಬೆರೆತ ರವೆ. ಹಿಂಬದಿಯ ವಿಧಾನದ ಪ್ರಕಾರ ಮೊಸರು ಸೇರಿಸಿ ನೆನೆಸಿಟ್ಟು ಇಡ್ಲಿ ಪಾತ್ರೆಗೆ ಹುಯ್ದರೆ ತಿಂಡಿಯೇನೋ ಆಗುತ್ತದೆ. ಸಾಗುವನ್ನು ಬೇರೆ ಮಾಡಿಕೊಳ್ಳಬೇಕು.